ಹೀನಾಧಿಕ ಮಾನೋನ್ಮಾನ: ಒಂದು ಎಣ್ಣೆಯಂಗಡಿಯ ಪ್ರಸಂಗ

ಶ್ರಾವಕನ ಪಂಚಾಣುವ್ರತಗಳಲ್ಲಿ ಮೂರನೆಯದಾದ ಅಚೌರ್ಯದ ಮಾತು ಬಂದಾಗ ಸಾಮಾನ್ಯವಾಗಿ ಜನರ ಕಣ್ಣಮುಂದೆ ಬರುವುದು ಕನ್ನ ಹಾಕುವವನ ಅಥವಾ ಜೇಬು ಕತ್ತರಿಸುವವನ ಚಿತ್ರ. ಆದರೆ ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಈ ವ್ರತಕ್ಕೆ ಹೇಳಿರುವ ಐದು ಅತಿಚಾರಗಳನ್ನು ನೋಡಿದರೆ, ಅವು ಹೆಚ್ಚಾಗಿ ಅಂಗಡಿಯ ಗದ್ದಿಗೆಯ ಮೇಲೆ ಕುಳಿತವನನ್ನೇ ಕುರಿತು ಹೇಳಿದಂತಿವೆ. ಅವುಗಳಲ್ಲಿ ನಾಲ್ಕನೆಯದು ಹೀನಾಧಿಕ ಮಾನೋನ್ಮಾನ. ಪೂಜ್ಯಪಾದ ಆಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸುವಾಗ ಮಾನ ಮತ್ತು ಉನ್ಮಾನಗಳನ್ನು ಬೇರೆ ಬೇರೆಯಾಗಿ ಇಟ್ಟಿದ್ದಾರೆ. ಪ್ರಸ್ಥ ಮೊದಲಾದ ಪಾತ್ರೆಗಳಿಂದ ಅಳೆಯುವುದು ಮಾನ. ತಕ್ಕಡಿಯಿಂದ ತೂಗುವುದು ಉನ್ಮಾನ. ಕೊಡುವಾಗ ಕಡಿಮೆಯದರಿಂದ ಕೊಟ್ಟು, ತೆಗೆದುಕೊಳ್ಳುವಾಗ ಹೆಚ್ಚಿನದರಿಂದ ತೆಗೆದುಕೊಳ್ಳುವುದು ದೋಷ. ಅಳತೆ ಬೇರೆ, ತೂಕ ಬೇರೆ ಎಂಬ ಈ ಸೂಕ್ಷ್ಮವು ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಗ್ರಂಥಸ್ಥವಾಗಿದ್ದರೂ, ಅದು ಹುಣಸೂರಿನ ಒಬ್ಬ ವರ್ತಕರಿಗೆ ಮನದಟ್ಟಾದದ್ದು ಒಂದು ಹರಳೆಣ್ಣೆಯ ಸೀಸೆಯಿಂದ.

ಆ ವರ್ತಕರ ಮನೆತನ ಮೂರು ತಲೆಮಾರುಗಳಿಂದ ಹುಣಸೂರು ಪೇಟೆಯಲ್ಲಿ ಎಣ್ಣೆಯ ವ್ಯಾಪಾರ ನಡೆಸಿಕೊಂಡು ಬಂದಿದೆ. ಹೊಗೆಸೊಪ್ಪು ಮಾರಿ ಬಂದ ರೈತರು, ಮರದ ಮಿಲ್ಲುಗಳ ಕೂಲಿಯವರು, ಪಿರಿಯಾಪಟ್ಟಣ ಮತ್ತು ಎಚ್.ಡಿ. ಕೋಟೆಯ ಕಡೆಯ ಚಿಲ್ಲರೆ ಅಂಗಡಿಯವರು ಅವರ ಗಿರಾಕಿಗಳು. ಹಿಂದೆ ಅಡುಗೆಯ ಎಣ್ಣೆಯೇ ಮುಖ್ಯವಾಗಿತ್ತು. ಅದು ಕಂಪೆನಿಗಳ ಪೊಟ್ಟಣಗಳ ಪಾಲಾದ ಮೇಲೆ, ಬೇಕಾದ ಪರವಾನಗಿಗಳನ್ನು ಪಡೆದು ತಲೆಗೆ ಮತ್ತು ಮೈಗೆ ಹಚ್ಚುವ ಎಣ್ಣೆಗಳನ್ನು ಸೀಸೆಗೆ ತುಂಬಿ ಮಾರುವ ಕೆಲಸವನ್ನು ಅವರು ಹಿಡಿದರು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ಎಳ್ಳೆಣ್ಣೆ, ಬಾದಾಮಿಯ ಹೆಸರಿನ ತಲೆಯೆಣ್ಣೆ ಇವೆಲ್ಲ ಡಬ್ಬಿಗಳಲ್ಲಿ ಕಿಲೋ ಲೆಕ್ಕದಲ್ಲಿ ಬರುತ್ತವೆ, 100 ಮಿ.ಲೀ. ಸೀಸೆಗಳಲ್ಲಿ ಹೊರಗೆ ಹೋಗುತ್ತವೆ. ಅಂದರೆ ಕೊಳ್ಳುವುದು ಉನ್ಮಾನದಲ್ಲಿ, ಮಾರುವುದು ಮಾನದಲ್ಲಿ. ಇವೆರಡರ ನಡುವಿನ ಲೆಕ್ಕವೇ ಈ ಪ್ರಸಂಗದ ಮೂಲ.

ಹಳೆಯ ಮೈಸೂರಿನಲ್ಲಿಯೂ ಈ ತೊಡಕು ಇಲ್ಲದಿರಲಿಲ್ಲ. ಸೇರು ಎಂಬ ಒಂದೇ ಹೆಸರು ತೂಕಕ್ಕೂ ಅಳತೆಗೂ ಸಲ್ಲುತ್ತಿತ್ತು. ಕಚ್ಚಾ ಸೇರು 24 ತೊಲದ ತೂಕ, ಎಂದರೆ ಇಂದಿನ ಲೆಕ್ಕದಲ್ಲಿ ಸುಮಾರು 280 ಗ್ರಾಂ. ಕಾಳು ಅಳೆಯುವ ಸೇರು ಬೇರೆ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇರೆಗೆ 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೆಟ್ರಿಕ್ ಪದ್ಧತಿ ಜಾರಿಗೆ ಬಂದಾಗ ತೂಕಕ್ಕೆ ಕಿಲೋಗ್ರಾಂ, ದ್ರವದ ಅಳತೆಗೆ ಲೀಟರು ಎಂದು ಹೆಸರುಗಳು ಬೇರೆಯಾದವು. ಆದರೆ ಹೊಸ ಪದ್ಧತಿಯೊಡನೆ ಒಂದು ಹೊಸ ಭ್ರಮೆಯೂ ಹುಟ್ಟಿಕೊಂಡಿತು. ಫ್ರಾನ್ಸ್ ದೇಶದಲ್ಲಿ ಈ ಪದ್ಧತಿಯನ್ನು ರೂಪಿಸಿದವರು ಒಂದು ಲೀಟರು ನೀರಿನ ತೂಕವನ್ನೇ ಕಿಲೋಗ್ರಾಂ ಎಂದು ಕರೆದಿದ್ದರು. ಆದಕಾರಣ ಲೀಟರೆಂದರೆ ಕಿಲೋ, ಕಿಲೋ ಎಂದರೆ ಲೀಟರು ಎಂಬ ಮಾತು ಪೇಟೆಗಳಲ್ಲಿ ಬೇರೂರಿತು. ನೀರಿಗೆ ಅದು ಸರಿ, ಎಣ್ಣೆಗೆ ಸರಿಯಲ್ಲ.

ಈ ವರ್ತಕರಿಗೆ ಅಷ್ಟು ತಿಳಿಯದೆ ಇರಲಿಲ್ಲ. ಎಣ್ಣೆ ನೀರಿಗಿಂತ ಹಗುರವೆಂಬುದು ಎಣ್ಣೆಯಂಗಡಿಯ ಮಕ್ಕಳಿಗೂ ಗೊತ್ತು. ಅವರ ತಂದೆಯ ಕಾಲದಲ್ಲಿ ಮುದ್ರೆ ಹಾಕಿದ ಅಳತೆಪಾತ್ರೆಯಿಂದ ಎಣ್ಣೆ ಅಳೆದು ಕೊಡುತ್ತಿದ್ದರು. ಪಾತ್ರೆಯ ಗೋಡೆಗೆ ಅಂಟಿದ ಎಣ್ಣೆ ಪೂರ್ತಿ ಇಳಿಯುವವರೆಗೂ ಬೋರಲು ಹಿಡಿದು ಕಾಯಬೇಕೆಂಬುದು ಆ ಹಿರಿಯರ ಕಟ್ಟಪ್ಪಣೆಯಾಗಿತ್ತು. ಮುಂದೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿತು. ಖಾಲಿ ಸೀಸೆಯನ್ನು ಅದರ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಗೊತ್ತಾದ ತೂಕದವರೆಗೆ ಎಣ್ಣೆ ಬಿಟ್ಟರೆ ಕೆಲಸ ಬೇಗ ಮುಗಿಯುತ್ತಿತ್ತು, ಎಣ್ಣೆ ಚೆಲ್ಲುತ್ತಿರಲಿಲ್ಲ. ಕೊಬ್ಬರಿ ಎಣ್ಣೆಯನ್ನು ಅಳೆದು, ತೂಗಿ ನೋಡಿ, 100 ಮಿ.ಲೀ. ಎಂದರೆ 92 ಗ್ರಾಂ ಎಂದು ಒಂದು ರಟ್ಟಿನ ಮೇಲೆ ಬರೆದು ತಕ್ಕಡಿಯ ಹಿಂದಿನ ಗೋಡೆಗೆ ತೂಗುಹಾಕಿದರು. ಆ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಕೊಬ್ಬರಿ ಎಣ್ಣೆಯ ಸಾಂದ್ರತೆ 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಮಾರು 0.915, 92 ಗ್ರಾಂ ತುಂಬಿದರೆ 100 ಮಿ.ಲೀ.ಗಿಂತ ಕೂದಲೆಳೆಯಷ್ಟು ಹೆಚ್ಚೇ ಆಗುತ್ತದೆ. ಆದರೆ ತುಂಬುವ ಹುಡುಗರು ಬದಲಾದರು, ಎಣ್ಣೆಗಳ ಸಂಖ್ಯೆ ಹೆಚ್ಚಿತು, ರಟ್ಟು ಮಾತ್ರ ಹಾಗೆಯೇ ಉಳಿಯಿತು. ಹನ್ನೊಂದು ವರ್ಷಗಳ ಕಾಲ ಹರಳೆಣ್ಣೆಯನ್ನೂ ಅದೇ 92 ಗ್ರಾಂ ಲೆಕ್ಕದಲ್ಲಿ ತುಂಬಲಾಯಿತು.

ಒಂದು ದಿನ ಹನಗೋಡಿನ ಕಡೆಯ ಒಬ್ಬ ಮುದುಕಿ ಅಂಗಡಿಗೆ ಬಂದಳು. ಊರಿನ ಬಾಣಂತಿಯರಿಗೆ, ಹಸುಗೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವುದು ಅವಳ ವೃತ್ತಿ. ಗೆರೆಗಳಿರುವ ಒಂದು ಹಳೆಯ ಔಷಧದ ಸೀಸೆಯನ್ನು ಸೆರಗಿನಿಂದ ತೆಗೆದು ಗದ್ದಿಗೆಯ ಮೇಲಿಟ್ಟು ಅವಳು ಹೇಳಿದಳು: “ಸಾವ್ಕಾರ್ರೇ, ಕೊಬ್ರಿ ಎಣ್ಣೆ ಹುಯ್ದ್ರೆ ನೂರರ ಗೆರೆ ಮುಟ್ತದೆ. ಹಳ್ಳೆಣ್ಣೆ ಯಾವತ್ತೂ ಮುಟ್ಟಾಕಿಲ್ಲ. ಅದ್ಯಾಕೆ?” ಅವಳ ಮಾತಿನಲ್ಲಿ ಆರೋಪವಿರಲಿಲ್ಲ. ಹರಳೆಣ್ಣೆ ಮಂದವಾದ್ದರಿಂದ ಸೀಸೆಯ ಗೋಡೆಗೆ ಅಂಟಿಕೊಂಡಿರಬೇಕು ಎಂದು ವರ್ತಕರು ಸಮಾಧಾನ ಹೇಳಿದರು. ಅವಳು ಒಪ್ಪಿ ಹೊರಟುಹೋದಳು. ಆದರೆ ಆ ಉತ್ತರ ಹೇಳಿದವರಿಗೇ ಒಪ್ಪಿಗೆಯಾಗಲಿಲ್ಲ. ಅಂಟಿಕೊಂಡದ್ದು ಇಳಿಯುವವರೆಗೆ ಕಾಯಬೇಕೆಂದು ತಂದೆ ಕಲಿಸಿದ್ದ ಪಾಠ ಅವರಿಗೆ ನೆನಪಿತ್ತು.

ಮೈಸೂರಿನಲ್ಲಿ ಫಾರ್ಮಸಿ ಓದುತ್ತಿದ್ದ ಮೊಮ್ಮಗಳು ರಜೆಗೆ ಬಂದಾಗ ಅವರು ಈ ಮಾತನ್ನು ಎತ್ತಿದರು. ಆಕೆ ಗಾಜಿನ ಅಳತೆಕೊಳವೆಯನ್ನು ತಂದು, ಮಾರಾಟಕ್ಕಿಟ್ಟಿದ್ದ ಏಳು ಸೀಸೆ ಹರಳೆಣ್ಣೆಯನ್ನು ಒಂದೊಂದಾಗಿ ಸುರಿದು, ಅಂಟಿದ್ದು ಇಳಿಯುವವರೆಗೆ ಕಾದು ನೋಡಿದಳು. ಏಳೂ ಸೀಸೆಗಳಲ್ಲಿ ಎಣ್ಣೆ 96 ಮಿ.ಲೀ. ಆಸುಪಾಸಿನಲ್ಲಿ ನಿಂತಿತು. “ತಾತ, ಗೋಡೆ ಮೇಲಿರೋದು ಕೊಬ್ಬರಿ ಎಣ್ಣೆ ಲೆಕ್ಕ. ಹರಳೆಣ್ಣೆ ಅದಕ್ಕಿಂತ ಭಾರ. ನೂರು ಮಿಲಿಗೆ ತೊಂಬತ್ತೈದೂವರೆ ಗ್ರಾಂ ಬೇಕು” ಎಂದಳು.

ಎಣ್ಣೆಗಳೆಲ್ಲ ನೀರಿಗಿಂತ ಹಗುರವಾದರೂ ಒಂದರಂತೆ ಒಂದಿಲ್ಲ. ಕೊಬ್ಬರಿ, ಎಳ್ಳು, ಬಾದಾಮಿ ಎಣ್ಣೆಗಳು ಲೀಟರಿಗೆ 910ರಿಂದ 920 ಗ್ರಾಂ ತೂಗುತ್ತವೆ. ಹರಳೆಣ್ಣೆ 955 ಗ್ರಾಂ ಹತ್ತಿರ ತೂಗುತ್ತದೆ. ಗಂಧದೆಣ್ಣೆ ಇನ್ನೂ ಭಾರ. ಸುಮಾರು 970 ಗ್ರಾಂ. ತಲೆಯೆಣ್ಣೆಗಳಲ್ಲಿ ಬಳಸುವ ತೆಳುವಾದ ಲಿಕ್ವಿಡ್ ಪ್ಯಾರಫಿನ್ ಎಂಬ ಖನಿಜ ತೈಲ 840 ಗ್ರಾಂ ಸುತ್ತಮುತ್ತ ಮಾತ್ರ. ಎಣ್ಣೆಗಳ ಸಾಲಿನಲ್ಲಿಯೇ ಇಟ್ಟು ಮಾರುವ ಗ್ಲಿಸರಿನ್ ನೀರಿಗಿಂತಲೂ ಭಾರವಾಗಿದ್ದು 1260 ಗ್ರಾಂ ತೂಗುತ್ತದೆ. ಮಿಲಿಲೀಟರನ್ನು ಗ್ರಾಂ ಮಾಡಬೇಕಾದರೆ ಆಯಾ ಪದಾರ್ಥದ ಸಾಂದ್ರತೆಯಿಂದ ಗುಣಿಸಬೇಕು; ಗ್ರಾಮನ್ನು ಮಿಲಿಲೀಟರ್ ಮಾಡಬೇಕಾದರೆ ಅದರಿಂದ ಭಾಗಿಸಬೇಕು. ಎರಡು ಎಣ್ಣೆಗಳನ್ನು ಬೆರೆಸಿದಾಗ ಪ್ರತಿಯೊಂದರ ಪ್ರಮಾಣವನ್ನೂ ಮಿಲಿಲೀಟರಿಗೆ ತಂದು ಕೂಡಿಸಬೇಕು. ಉದಾಹರಣೆಗೆ 750 ಗ್ರಾಂ ಕೊಬ್ಬರಿ ಎಣ್ಣೆ ಸುಮಾರು 820 ಮಿ.ಲೀ., 250 ಗ್ರಾಂ ಹರಳೆಣ್ಣೆ ಸುಮಾರು 262 ಮಿ.ಲೀ.; ಒಟ್ಟು ಒಂದು ಕಿಲೋ ಮಿಶ್ರಣ 1082 ಮಿ.ಲೀ. ಆಗುತ್ತದೆ. ಆದ್ದರಿಂದ ಇಂಥ ಮಿಶ್ರಣದ 100 ಮಿ.ಲೀ.ಗೆ ಸುಮಾರು 92.5 ಗ್ರಾಂ ತುಂಬಬೇಕು. ಬಿ.ಕಾಂ. ಓದಿದವನಿಗೂ ಎಸ್ಸೆಸ್ಸೆಲ್ಸಿ ಓದಿದವನಿಗೂ ಈ ಲೆಕ್ಕ ಕಷ್ಟವಲ್ಲ.

ಲೆಕ್ಕವನ್ನು ಅರ್ಥಮಾಡಿಕೊಂಡ ಬಳಿಕ ವರ್ತಕರು ಗೋಡೆಯ ಮೇಲಿನ ರಟ್ಟನ್ನು ಇಳಿಸಿ ನೋಡಿದರು. 92 ಗ್ರಾಂ ಎಂಬ ಸಾಲಿನ ಕೆಳಗೆ, ಬೇರೆ ಶಾಯಿಯಲ್ಲಿ, ಅವರದೇ ಕೈಬರಹದಲ್ಲಿ ಇನ್ನೊಂದು ಸಾಲಿತ್ತು: ಬಾದಾಮಿ 84. ಆ ತಲೆಯೆಣ್ಣೆಯಲ್ಲಿ ಹೆಚ್ಚು ಭಾಗ ಲಿಕ್ವಿಡ್ ಪ್ಯಾರಫಿನ್. ಅದನ್ನು ಮೊದಲ ಬಾರಿಗೆ ತುಂಬಿದ ದಿನ 92 ಗ್ರಾಂ ತಲಪುವ ಮುನ್ನವೇ ಎಣ್ಣೆ ಸೀಸೆಯ ಬಾಯಿಂದ ಉಕ್ಕಿ ತಕ್ಕಡಿಯ ಮೇಲೆ ಹರಿದಿತ್ತು. ಹುಡುಗ ಕೂಗಿ ಹೇಳಿದ್ದನು. ಅದೇ ಗಳಿಗೆಯಲ್ಲಿ ಯಜಮಾನರು ಎದ್ದು ಬಂದು, ಅಳೆದು, ತೂಗಿ, ಹೊಸ ಅಂಕಿಯನ್ನು ಬರೆದಿದ್ದರು. ಎಣ್ಣೆಯಿಂದ ಎಣ್ಣೆಗೆ ಲೆಕ್ಕ ಬದಲಾಗುತ್ತದೆಂಬುದು ಆ ದಿನವೇ ಅವರಿಗೆ ತಿಳಿದಿತ್ತು. ತಮಗೆ ನಷ್ಟವಾಗುವ ತಪ್ಪು ಒಂದು ದಿನವೂ ಉಳಿಯಲಿಲ್ಲ. ಗಿರಾಕಿಗೆ ನಷ್ಟವಾಗುವ ತಪ್ಪು ಹನ್ನೊಂದು ವರ್ಷ ಬಾಳಿತು. ತಿಳಿಯದೆ ಆಯಿತು ಎಂದು ಹೇಳಲು ಹೊರಟಿದ್ದ ಅವರ ಬಾಯಿಯನ್ನು ಆ ಎರಡನೆಯ ಸಾಲು ಕಟ್ಟಿಹಾಕಿತು.

ಆ ರಾತ್ರಿ ಅವರು ಖಾತೆಗಳನ್ನು ತೆರೆದು ಕುಳಿತರು. ತಿಂಗಳಿಗೆ ಒಂದು ಡಬ್ಬಿ, ಅಂದರೆ 15 ಕಿಲೋ ಹರಳೆಣ್ಣೆ ಬರುತ್ತಿತ್ತು. 92 ಗ್ರಾಮಿನಂತೆ ತುಂಬಿದರೆ ಡಬ್ಬಿಗೆ 163 ಸೀಸೆಗಳು, 95.5 ಗ್ರಾಮಿನಂತೆ ತುಂಬಿದರೆ 157. ಡಬ್ಬಿಯೊಂದಕ್ಕೆ ಆರು ಸೀಸೆಗಳು ನ್ಯಾಯವಾಗಿ ಇರಬಾರದವು. ವರ್ಷಕ್ಕೆ 72, ಹನ್ನೊಂದು ವರ್ಷಕ್ಕೆ 792 ಸೀಸೆಗಳು. ಇಂದಿನ ಬೆಲೆ ಸೀಸೆಗೆ 50 ರೂಪಾಯಿಯಂತೆ 39,600 ರೂಪಾಯಿ. ಆ ಅಂಗಡಿಗೆ ಅದು ದೊಡ್ಡ ಮೊತ್ತವಲ್ಲ. ಆದರೆ ಅದು ಬಂದದ್ದು ದೊಡ್ಡ ಮನೆಗಳಿಂದಲ್ಲ. ಬಾಣಂತಿಯ ಕೋಣೆಗಳಿಂದ, ಕಾಡಂಚಿನ ಹಾಡಿಗಳಿಂದ, ದಿನಗೂಲಿಯ ಕೈಗಳಿಂದ.

ಮಗನ ನಿಲುವು ಬೇರೆಯಾಗಿತ್ತು. “ಅಪ್ಪಾಜಿ, ಇಂದಿನಿಂದ ಸರಿಯಾಗಿ ತುಂಬೋಣ, ಅದಕ್ಕೆ ನನ್ನ ತಕರಾರಿಲ್ಲ. ಹಳೆಯದನ್ನು ಕೆದಕುವುದು ಬೇಡ. ನೂರು ಮಿಲಿಗೆ ನಾಲ್ಕೂವರೆ ಮಿಲಿ ವ್ಯತ್ಯಾಸಕ್ಕೆ ಕಾನೂನೇ ಅವಕಾಶ ಕೊಟ್ಟಿದೆ. ನಮ್ಮದು ಅಷ್ಟೂ ಇಲ್ಲ” ಎಂದನು. ಅವನು ಹೇಳಿದ ಅಂಕಿ ಸುಳ್ಳಲ್ಲ. 2011ರ ಪೊಟ್ಟಣ ಸರಕುಗಳ ನಿಯಮಗಳಲ್ಲಿ 100 ಮಿ.ಲೀ. ಪೊಟ್ಟಣಕ್ಕೆ 4.5 ಮಿ.ಲೀ.ವರೆಗಿನ ವ್ಯತ್ಯಾಸವನ್ನು ಕ್ಷಮಿಸಲಾಗಿದೆ. ಆದರೆ ಆ ರಿಯಾಯಿತಿ ಒಂದೊಂದು ಪೊಟ್ಟಣದಲ್ಲಿ ಆಕಸ್ಮಿಕವಾಗಿ ಆಗುವ ಏರುಪೇರಿಗೆ ಮಾತ್ರ. ಸರಾಸರಿಯು ಚೀಟಿಯ ಮೇಲೆ ಬರೆದುದಕ್ಕಿಂತ ಕಡಿಮೆಯಾಗಕೂಡದೆಂದು ಅದೇ ನಿಯಮಗಳು ಹೇಳುತ್ತವೆ. ಒಂದು ಸೀಸೆಯಲ್ಲಿ ಕಡಿಮೆ, ಇನ್ನೊಂದರಲ್ಲಿ ಹೆಚ್ಚು ಆದರೆ ಅದು ಕೈತಪ್ಪು. ಪ್ರತಿ ಸೀಸೆಯಲ್ಲಿಯೂ ಕಡಿಮೆಯೇ ಆದರೆ ಅದು ಪದ್ಧತಿ. ಮಗ ಇದನ್ನು ಒಪ್ಪಿಕೊಂಡರೂ ಅವನ ನಿಜವಾದ ಅಂಜಿಕೆ ಬೇರೆಯಿತ್ತು: ಮೂರು ತಲೆಮಾರಿನ ಹೆಸರು, ಪೇಟೆಯವರ ನಗೆ, ನಾಳೆ ತನ್ನ ಮಕ್ಕಳ ಸಂಬಂಧದ ಮಾತು. ಈ ಅಂಜಿಕೆಯನ್ನು ಹಗುರವಾಗಿ ಕಾಣಲಾಗದು. ವ್ಯಾಪಾರಿಯ ಮನೆಯಲ್ಲಿ ಹೆಸರೇ ಬಂಡವಾಳ.

ಇಲ್ಲಿ ಶಾಸ್ತ್ರದ ವಿವೇಕವನ್ನು ಗಮನಿಸಬೇಕು. ಉದ್ದೇಶಪೂರ್ವಕವಾಗಿ ವ್ರತವನ್ನು ಮುರಿಯುವುದು ಅನಾಚಾರ. ವ್ರತವನ್ನು ಉಳಿಸಿಕೊಂಡೇ ಅದಕ್ಕೆ ಕಲೆ ತಂದುಕೊಳ್ಳುವುದು ಅತಿಚಾರ. ಕಳ್ಳ ತಕ್ಕಡಿ ಇಟ್ಟುಕೊಂಡವನಿಗೂ ಸರಿಯಾದ ತಕ್ಕಡಿಯಲ್ಲಿ ತಪ್ಪು ಅಂಕಿಯನ್ನು ನಂಬಿದವನಿಗೂ ವ್ಯತ್ಯಾಸವಿದೆ. ಹಾಗೆಂದು ಎರಡನೆಯವನು ನಿರ್ದೋಷಿಯಲ್ಲ. ದೋಷದ ಬೇರು ಪ್ರಮಾದ, ಅಂದರೆ ಎಚ್ಚರ ತಪ್ಪಿರುವುದು. ಲಾಭದ ಕಡೆಗೆ ಕಣ್ಣು ತೆರೆದು ಹಾನಿಯ ಕಡೆಗೆ ಮುಚ್ಚಿಕೊಂಡಿರುವ ಪ್ರಮಾದಕ್ಕೆ ಲೋಭದ ಸೋಂಕೂ ಇರುತ್ತದೆ.

ವರ್ತಕರು ಮೊದಲು ಯೋಚಿಸಿದ್ದು ಎಲ್ಲರೂ ಯೋಚಿಸುವಂತೆಯೇ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ಸ್ವಾಮಿಗೆ ನಡೆಯುವ ಮಸ್ತಕಾಭಿಷೇಕಕ್ಕೆ ಆ ಮೊತ್ತವನ್ನು ಅರ್ಪಿಸಿದರೆ ಋಣ ತೀರಬಹುದೆಂದು ಅವರು ಭಾವಿಸಿದರು. ಶಾಸ್ತ್ರಾಭ್ಯಾಸವುಳ್ಳ, ಒಂದು ಬಸದಿಯ ಟ್ರಸ್ಟಿನಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರ ಬಳಿ ಈ ಸಂಕಲ್ಪವನ್ನು ಹೇಳಿಕೊಂಡರು. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಲಶಕ್ಕೆ ಕೊಡುವ ಹಣ ನಿಮ್ಮದಾಗಿರಬೇಕು. ಇದು ನಿಮ್ಮದಲ್ಲವಲ್ಲ” ಎಂದರು. ದಾನವೆಂದರೆ ತನ್ನದನ್ನು ಬಿಟ್ಟುಕೊಡುವುದು. ಪರರದನ್ನು ಇಟ್ಟುಕೊಂಡು ಅದನ್ನೇ ದೇವರ ಹೆಸರಿನಲ್ಲಿ ಕೊಟ್ಟರೆ, ಕಳೆದುಕೊಂಡವನಿಗೆ ಏನೂ ಬರಲಿಲ್ಲ. ಕೊಟ್ಟವನಿಗೆ ಮಾತ್ರ ಹೆಸರು ಬಂದಿತು. ಹಣ ಬೇಡವೆನ್ನುವುದು ಟ್ರಸ್ಟಿನವರಿಗೆ ಸುಲಭವಲ್ಲ. ಅವರಿಗೆ ಸದಾ ಜೀರ್ಣೋದ್ಧಾರದ ಚಿಂತೆ. ಆದರೂ ಆ ಹಿರಿಯರು ಹಾಗೆಂದರು.

ಕೊನೆಗೆ ಅಂಗಡಿಯ ಮುಂದೆ ಒಂದು ಹಲಗೆ ಬಂದಿತು. ಹಿಂದಿನ ಹನ್ನೊಂದು ವರ್ಷ ಇಲ್ಲಿಂದ ಕೊಂಡ ಹರಳೆಣ್ಣೆಯ ಸೀಸೆಗಳಲ್ಲಿ ಸುಮಾರು 4 ಮಿ.ಲೀ. ಕಡಿಮೆಯಿತ್ತೆಂದೂ, ವಾಡಿಕೆಯಾಗಿ ಕೊಂಡವರು ಬಂದು ಹೇಳಿದರೆ ಸೀಸೆ ಕೊಡಲಾಗುವುದೆಂದೂ ಅದರಲ್ಲಿ ಬರೆದಿತ್ತು. ಮಗ ಅದನ್ನು ಬರೆಸಲು ಒಪ್ಪಿದನೇ ಹೊರತು ಮೊದಲ ವಾರ ಗದ್ದಿಗೆಯ ಮೇಲೆ ಕುಳಿತುಕೊಳ್ಳಲಿಲ್ಲ. ನಕ್ಕವರೂ ಇದ್ದರು. ಇನ್ನೂ ಏನೇನು ಕಡಿಮೆಯಿದೆಯೆಂದು ಕೇಳಿದವರೂ ಇದ್ದರು. ಆರು ತಿಂಗಳಲ್ಲಿ 61 ಮಂದಿ ಬಂದು 76 ಸೀಸೆಗಳನ್ನು ಒಯ್ದರು. ಹನಗೋಡಿನ ಕಡೆಯ ಮುದುಕಿಗೆ ಆರು ಸೀಸೆಗಳನ್ನು ಕೊಡಹೋದರೆ ಅವಳು ಎರಡನ್ನು ಮಾತ್ರ ತೆಗೆದುಕೊಂಡಳು. “ನಾನೇನು ಅಷ್ಟು ಕೊಂಡಿಲ್ಲ ಕಣ್ರೀ, ಹೆಚ್ಚು ಈಸ್ಕೊಂಡ್ರೆ ಅದೂ ತಪ್ಪೇಯ” ಎಂದಳು. ಯಾವ ಗ್ರಂಥವನ್ನೂ ಓದದ ಆಕೆಗೆ ಹೀನದ ದೋಷವೂ ಅಧಿಕದ ದೋಷವೂ ಒಂದೇ ಎಂಬುದು ತಿಳಿದಿತ್ತು.

ಉಳಿದ 716 ಸೀಸೆಗಳ ಎಣ್ಣೆ, ಅಂದರೆ 71.6 ಲೀಟರು, ಯಾರಿಗೆ ಸೇರಬೇಕೆಂದು ಹೆಸರು ಹಿಡಿದು ಹೇಳುವಂತಿರಲಿಲ್ಲ. ಅದನ್ನು ಬಂದ ದಾರಿಯಲ್ಲಿಯೇ ಹಿಂದಿರುಗಿಸಲು ನಿಶ್ಚಯಿಸಲಾಯಿತು. ಇನ್ನು ಮುಂದೆ ಹರಳೆಣ್ಣೆಯ ಪ್ರತಿ ಸೀಸೆಗೂ 5 ಮಿ.ಲೀ. ಹೆಚ್ಚು, ಅಂದರೆ 100.3 ಗ್ರಾಂ ತುಂಬುವುದು. ಬೆಲೆಯೂ ಚೀಟಿಯೂ 100 ಮಿ.ಲೀ.ನವೇ. ಲೆಕ್ಕ ಹಾಕಿದಾಗ 14,320 ಸೀಸೆಗಳು ಬೇಕಾದವು. ಡಬ್ಬಿಗೆ 149ರಂತೆ ಎಂಟು ವರ್ಷ. ಎಪ್ಪತ್ತನ್ನು ದಾಟಿದ್ದ ವರ್ತಕರು ಆ ಅಂಕಿಯನ್ನು ನೋಡಿ ಲೇಖನಿಯನ್ನು ಕೆಳಗಿಟ್ಟರು. ತಾವು ಅದನ್ನು ತೀರಿಸುವುದು ಖಚಿತವಲ್ಲವೆಂದು ಅವರಿಗೆ ತಿಳಿದಿತ್ತು. ಖಾತೆಯನ್ನು ತನ್ನ ಕಡೆಗೆ ಎಳೆದುಕೊಂಡು, ಋಣ ಮುಗಿಯುವ ವರ್ಷವನ್ನು ಬರೆದು ಸಹಿ ಮಾಡಿದವನು ಮಗ.

ಈ ಪ್ರಸಂಗದಿಂದ ತೂಗಿ ತುಂಬುವ ಪದ್ಧತಿಯೇ ತಪ್ಪೆಂದು ತಿಳಿಯಬಾರದು. ಹತ್ತು ಡಿಗ್ರಿ ಶಾಖ ಏರಿದರೆ ಒಂದು ಲೀಟರು ಎಣ್ಣೆ ಸುಮಾರು 7 ಮಿ.ಲೀ. ಹಿಗ್ಗುತ್ತದೆ. ನಾಗರಹೊಳೆಯ ಕಡೆಯಿಂದ ಚಳಿಗಾಳಿ ಬೀಸುವ ಪುಷ್ಯಮಾಸದ ಮುಂಜಾನೆ ಹುಣಸೂರಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿ ಕುಗ್ಗುತ್ತದೆ. ಯುಗಾದಿಯ ಹೊತ್ತಿಗೆ ಹಿಗ್ಗುತ್ತದೆ. ಅದರ ತೂಕ ಮಾತ್ರ ಬದಲಾಗುವುದಿಲ್ಲ. ಪರ್ಯಾಯಗಳು ಬದಲಾದರೂ ದ್ರವ್ಯವು ನಿಲ್ಲುತ್ತದೆಂಬ ಸಿದ್ಧಾಂತಕ್ಕೆ ಇದೊಂದು ಅಂಗಡಿಯ ದೃಷ್ಟಾಂತ. ಈ ಹಿಗ್ಗುವಿಕೆಯನ್ನೇ ಬಳಸಿಕೊಂಡು ಕೆಲವು ತಯಾರಕರು 60 ಡಿಗ್ರಿಯಂಥ ಹೆಚ್ಚಿನ ಶಾಖವನ್ನು ಪೊಟ್ಟಣದ ಮೇಲೆ ನಮೂದಿಸಿ ಲೀಟರಿನ ಹೆಸರಿನಲ್ಲಿ ಕಡಿಮೆ ಎಣ್ಣೆ ತುಂಬುತ್ತಿದ್ದುದರಿಂದ, ಅಡುಗೆಯ ಎಣ್ಣೆಯ ಪೊಟ್ಟಣಗಳ ಮೇಲೆ ಶಾಖದ ಉಲ್ಲೇಖವಿಲ್ಲದೆ, ಅಳತೆಯ ಜೊತೆಗೆ ಸರಿಯಾದ ತೂಕವನ್ನೂ ಬರೆಯಬೇಕೆಂದು ಕೇಂದ್ರ ಸರಕಾರ 2022ರಲ್ಲಿ ಸೂಚಿಸಿತು. ಅಳತೆ ಮತ್ತು ತೂಕ ಎರಡನ್ನೂ ಒಟ್ಟಿಗೆ ಬರೆದಾಗ ಒಂದು ಇನ್ನೊಂದಕ್ಕೆ ಸಾಕ್ಷಿಯಾಗುತ್ತದೆ.

ಬಸದಿಗಳ ಟ್ರಸ್ಟುಗಳಿಗೂ ಇದರಲ್ಲಿ ಪಾಠವಿದೆ. ನಂದಾದೀಪಕ್ಕೆಂದು ಕೊಳ್ಳುವ 15 ಕಿಲೋ ಡಬ್ಬಿಯಲ್ಲಿ 16.4 ಲೀಟರು ಕೊಬ್ಬರಿ ಎಣ್ಣೆ ಇರುತ್ತದೆ. ದಾಸ್ತಾನು ಪುಸ್ತಕದಲ್ಲಿ ಅದನ್ನು 15 ಲೀಟರು ಎಂದು ಬರೆದರೆ ಡಬ್ಬಿಗೆ 1.4 ಲೀಟರು ಲೆಕ್ಕದ ಹೊರಗೆ ಉಳಿಯುತ್ತದೆ. ಲೆಕ್ಕದ ಹೊರಗಿರುವ ವಸ್ತು ಒಳ್ಳೆಯ ಪರಿಚಾರಕನನ್ನೂ ಸಂಶಯಕ್ಕೆ ಗುರಿಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, 15 ಕಿಲೋ ಬೆಲೆ ಕೊಟ್ಟು 15 ಲೀಟರಿನ ಡಬ್ಬಿ ತಂದರೆ ಸಿಗುವುದು 13.7 ಕಿಲೋ ಮಾತ್ರ. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಆರಂಭವಾದ ಮೇಲೆ ಈ ನಾಡಿಗೆ ಕೀರ್ತಿ ತಂದ ಗಂಧದೆಣ್ಣೆಯ ಬೆಲೆ ಇಂದು ಕಿಲೋವಿಗೆ ಲಕ್ಷ ರೂಪಾಯಿಗಳನ್ನು ಮೀರಿದೆ. 10 ಗ್ರಾಮಿಗೆ ಬೆಲೆ ಕೊಟ್ಟು 10 ಮಿ.ಲೀ. ತೆಗೆದುಕೊಂಡರೆ ನೂರಕ್ಕೆ ಮೂರು ಪಾಲು ಹೋಯಿತು. ಆದಕಾರಣ ಡಬ್ಬಿಯನ್ನು ಸ್ವೀಕರಿಸುವಾಗ ತೂಗಿ, ಪುಸ್ತಕದಲ್ಲಿ ಕಿಲೋಗಳಲ್ಲಿಯೇ ಬರೆದು, ಖರ್ಚನ್ನೂ ಕಿಲೋಗಳಲ್ಲಿಯೇ ತೋರಿಸುವುದು ಕ್ಷೇಮ.

ಹೊಸ ಎಣ್ಣೆ ಬಂದಾಗ ಪುಸ್ತಕದ ಅಂಕಿಯನ್ನು ನಂಬುವುದಕ್ಕಿಂತ ಪರೀಕ್ಷೆ ಮಾಡುವುದು ಉತ್ತಮ. ಒಂದು ಖಾಲಿ ಸೀಸೆಯನ್ನು ತಕ್ಕಡಿಯ ಮೇಲಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, 100 ಗ್ರಾಂ ನೀರು ಹಾಕಿ, ನೀರಿನ ಮಟ್ಟಕ್ಕೆ ಗೆರೆ ಎಳೆಯಬೇಕು. ನೀರನ್ನು ಚೆಲ್ಲಿ, ಸೀಸೆಯನ್ನು ಪೂರ್ತಿ ಒಣಗಿಸಿ, ಅದೇ ಗೆರೆಯವರೆಗೆ ಎಣ್ಣೆ ತುಂಬಿ ತೂಗಿದರೆ ಆ ಎಣ್ಣೆಯ 100 ಮಿ.ಲೀ. ತೂಕ ಸಿಗುತ್ತದೆ. ಇದರಿಂದ ಇನ್ನೊಂದು ಪ್ರಯೋಜನವೂ ಉಂಟು. ಶುದ್ಧ ಬಾದಾಮಿ ಎಣ್ಣೆಯೆಂದು ಕೊಂಡದ್ದು 91 ಗ್ರಾಂ ತೂಗದೆ 86 ತೂಗಿದರೆ ಅದರಲ್ಲಿ ಹಗುರವಾದ ಬೇರೆ ಏನೋ ಬೆರೆತಿದೆಯೆಂದು ತಿಳಿಯುತ್ತದೆ. ಸಮಂತಭದ್ರ ಆಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಹೇಳಿರುವ ಸದೃಶಸನ್ಮಿಶ್ರ, ಅಂದರೆ ಒಂದೇ ರೀತಿ ಕಾಣುವುದನ್ನು ಬೆರೆಸುವ ಅತಿಚಾರ, ಹಲವು ವೇಳೆ ತಕ್ಕಡಿಯಲ್ಲಿಯೇ ಸಿಕ್ಕಿಬೀಳುತ್ತದೆ.

ಹುಣಸೂರಿನ ಆ ಅಂಗಡಿಯ ಗೋಡೆಯ ಮೇಲೆ ಈಗ ಹೊಸ ರಟ್ಟಿದೆ. ಪ್ರತಿ ಎಣ್ಣೆಗೂ ಒಂದೊಂದು ಸಾಲು, ಸಾಲಿನ ಕೊನೆಯಲ್ಲಿ ಪರೀಕ್ಷಿಸಿದ ದಿನಾಂಕ. ಪ್ರತಿ ಚತುರ್ದಶಿಯಂದು ಒಂದು ಸೀಸೆಯನ್ನು ಒಡೆದು ಅಳೆದು ನೋಡುವುದು ರೂಢಿಯಾಗಿದೆ. ಹಳೆಯ ರಟ್ಟನ್ನು ಬಿಸಾಡದೆ ಅವರು ಖಾತೆಯ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದಾರೆ.